ಬೆಲ್ಲ ಎನ್ನಲಾರದೆ ಸಕ್ಕರೆ ತಂದ ಮಗುವಿನ ಪರವಾಗಿ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ

ಹಾಗೂ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ತೊದಲುವ ಮಕ್ಕಳಿಗೆ ತಾಲ್ಲೂಕು ಮಟ್ಟದಲ್ಲಿ ವಾಕ್ ತರಬೇತಿ ಒದಗಿಸುವ ಹಾಗೂ ಶಾಲೆಯ ಮೌಖಿಕ ಪರೀಕ್ಷೆ, ಸ್ಪರ್ಧೆಗಳಲ್ಲಿ ಅವರಿಗೆ ಹೆಚ್ಚಿನ ಸಮಯ ನೀಡುವ ಕುರಿತು ಮನವಿ.

ಮಾನ್ಯರೇ,

ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವಳು. ಹದಿನೇಳು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಈ ಪತ್ರವನ್ನು ಮಾತ್ರ ಎಂಟನೆಯ ತರಗತಿಯಲ್ಲಿ ಓದುತ್ತಿರುವ ಒಬ್ಬ ಹುಡುಗನ ತಾಯಿಯಾಗಿ ಬರೆಯುತ್ತಿದ್ದೇನೆ.

ಕಳೆದ ಸೆಪ್ಟೆಂಬರ್ 17ರಂದು, ಕಲ್ಯಾಣ ಕರ್ನಾಟಕ ಉತ್ಸವದ ದಿನ, ನನ್ನ ಮಗ ತನ್ನ ಶಾಲೆಯ ಅಂಗಳದಲ್ಲಿ ಊರವರ ಮುಂದೆ ನಿಂತು ಭಾಷಣ ಮಾಡಿದ. ದೇಶ ಸ್ವತಂತ್ರವಾಗಿ ಹದಿಮೂರು ತಿಂಗಳು ಕಳೆದ ಮೇಲೆ, 1948ರಲ್ಲಿ, ನಮ್ಮ ಭಾಗವು ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ್ದನ್ನು ಅವನು ಹೇಳಬೇಕಿತ್ತು. ಅಂದು ಹೈದರಾಬಾದ್ ಸಂಸ್ಥಾನದಲ್ಲಿದ್ದ ಜಿಲ್ಲೆಗಳ ಹೆಸರು ಹೇಳುವಾಗ ‘ಬೀದರ್’ ಎಂಬಲ್ಲಿ ಅವನ ತುಟಿಗಳು ಮುಚ್ಚಿಕೊಂಡವು. ಧ್ವನಿವರ್ಧಕದಲ್ಲಿ ಏನೂ ಕೇಳಿಸಲಿಲ್ಲ. ಹಿಂದೆ ಕುಳಿತಿದ್ದ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಅವನು ತಲೆ ತಗ್ಗಿಸಲಿಲ್ಲ. ಉಸಿರು ಬಿಟ್ಟ, ತುಟಿ ಸಡಿಲಿಸಿದ, ಮತ್ತೆ ಮೆಲ್ಲಗೆ ಆರಂಭಿಸಿದ. ಬೀದರ್ ದಾಟಿ ಕಲಬುರಗಿಗೆ ಬಂದ, ಅಲ್ಲಿಂದ ರಾಯಚೂರಿಗೆ ಹೋದ, ಭಾಷಣ ಮುಗಿಸಿದ. ಅತಿಥಿಗಳು ಅವನಿಗೆ ಶಾಲು ಹೊದಿಸಿ, “ಛಲ ಅಂದ್ರ ಹಿಂಗಿರಬೇಕು ನೋಡ್ರಿ” ಎಂದು ಮೈಕಿನಲ್ಲಿ ಹೇಳಿದರು. ಊರು ಚಪ್ಪಾಳೆ ತಟ್ಟಿತು. ನಾನು ಅತ್ತೆ.

ಆ ಗೌರವಕ್ಕೆ ನಾನು ಮನಸಾರೆ ಋಣಿಯಾಗಿದ್ದೇನೆ. ಆದರೆ ಆ ಐದು ನಿಮಿಷದ ಹಿಂದೆ ಒಂಬತ್ತು ವರ್ಷಗಳಿವೆ. ಆ ಒಂಬತ್ತು ವರ್ಷಗಳಲ್ಲಿ ಒಂದು ಮಗು ಪಡಬಾರದಷ್ಟು ಪಾಡನ್ನು ನನ್ನ ಮಗ ಪಟ್ಟಿದ್ದಾನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಡು ತೊದಲಿನಿಂದ ಬಂದದ್ದಲ್ಲ, ತೊದಲು ಎಂದರೇನು ಎಂದು ತಿಳಿಯದ ನಮ್ಮೆಲ್ಲರಿಂದ ಬಂದದ್ದು. ಅವನ ಹಿಂದೆಯೇ ಬರುತ್ತಿರುವ ಮಕ್ಕಳಿಗೆ ಇಷ್ಟು ಛಲದ ಅಗತ್ಯವೇ ಬೀಳಬಾರದು ಎಂಬುದಕ್ಕಾಗಿ ತಮ್ಮಿಬ್ಬರಿಗೂ ಈ ಪತ್ರ.

ಅವನಿಗೆ ಮಾತು ತಡವಾಗಿ ಬಂದಿರಲಿಲ್ಲ. ಎರಡು ವರ್ಷಕ್ಕೆಲ್ಲ ಮನೆ ತುಂಬ ಮಾತಾಡುತ್ತಿದ್ದ. ನಾಲ್ಕರ ಹೊತ್ತಿಗೆ ಶಬ್ದದ ಮೊದಲ ಅಕ್ಷರ ಎರಡೆರಡು, ಮೂರು ಮೂರು ಸಲ ಬರತೊಡಗಿತು. ಆರಕ್ಕೆ ಅದು ಗಂಟು ಬಿತ್ತು: ತುಟಿ ಮುಚ್ಚಿದರೆ ತೆರೆಯುತ್ತಿರಲಿಲ್ಲ, ಕುತ್ತಿಗೆಯ ನರ ಉಬ್ಬುತ್ತಿತ್ತು, ಕಾಲಿನಿಂದ ನೆಲ ಒದ್ದು ಮಾತನ್ನು ಹೊರಗೆ ನೂಕಲು ನೋಡುತ್ತಿದ್ದ. ವರ್ಣಮಾಲೆ ಕಲಿಸುವ ನಾನು ಪ, ಫ, ಬ, ಭ, ಮ ಎಂಬ ಸಾಲನ್ನು ಎಷ್ಟು ಸಾವಿರ ಸಲ ಹಲಗೆಯ ಮೇಲೆ ಬರೆದಿರಬಹುದು? ಆ ಸಾಲು ನನ್ನದೇ ಮನೆಯಲ್ಲಿ ಒಂದು ಮಗುವಿಗೆ ಗೋಡೆಯಾಗಿ ನಿಂತಿದೆ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಅವನ ಹೆಸರೂ ‘ಮ’ ಅಕ್ಷರದಿಂದಲೇ ಆರಂಭವಾಗುತ್ತದೆ. ಹೆಸರು ಕೇಳಿದರೆ ಸಾಕು, ಅವನು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದ.

ನಾವು ಏನೆಲ್ಲ ಮಾಡಿದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಬಜೆಯನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿದೆವು. ಶರಣಬಸವೇಶ್ವರರ ಗುಡಿಗೆ ಹರಕೆ ಹೊತ್ತೆವು, ನೆರೆಮನೆಯ ಖಾಲಾ ತಾವಾಗಿಯೇ ಬಂದೇನವಾಜ್ ದರ್ಗಾಕ್ಕೆ ಕರೆದುಕೊಂಡು ಹೋಗಿ ಚಾದರ ಹೊದಿಸಿ ಬಂದರು. ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ, ಅವು ನಮ್ಮನ್ನು ನಿಲ್ಲಿಸಿದವು. ನನ್ನ ತಕರಾರು ಬೇರೆಯದರ ಬಗ್ಗೆ ಇದೆ. ನಾಲಿಗೆಯ ಕೆಳಗಿನ ನರ ಕೊಯ್ಸಿದರೆ ಸರಿಹೋಗುತ್ತದೆ ಎಂದು ಓದಿದವರೇ ಹೇಳಿದರು. ಒಂದು ಆಸ್ಪತ್ರೆಯಲ್ಲಿ ಅದಕ್ಕೆ ದಿನವನ್ನೂ ಗೊತ್ತು ಮಾಡಿಕೊಂಡು ಬಂದಿದ್ದೆವು. ನನ್ನ ಮಾವನವರು ಅಡ್ಡ ಬಂದರು.

ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. ಮದುವೆಯಾಗಿ ಬಂದಂದಿನಿಂದ ಅವರನ್ನು ನಾನು ಮಿತಭಾಷಿ ಎಂದೇ ತಿಳಿದಿದ್ದೆ. ಊರವರೂ ಹಾಗೆಯೇ ಗೌರವಿಸುತ್ತಿದ್ದರು. ಆ ದಿನ ರಾತ್ರಿ ಮಾಳಿಗೆಯ ಮೇಲೆ ಮೊಮ್ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ಅವರು, ಪ್ರತಿ ಶಬ್ದಕ್ಕೂ ನಿಂತು ನಿಂತು, “ನನಗೂ ಹಿಂಗ ಇತ್ತಪ್ಪಾ. ಈಗೂ ಅದ. ಮಾತಾಡೂದು ಬಿಟ್ಟೆ, ಯಾರಿಗೂ ಗೊತ್ತಾಗಲಿಲ್ಲ” ಎಂದರು. ಎಪ್ಪತ್ತು ವರ್ಷ ಒಬ್ಬ ಮನುಷ್ಯ ಸುಮ್ಮನಿದ್ದು ತನ್ನ ತೊದಲನ್ನು ಮುಚ್ಚಿಟ್ಟಿದ್ದರು. ಮೌನ ಅವರ ಸ್ವಭಾವವಾಗಿರಲಿಲ್ಲ. ಮೊಮ್ಮಗ ಅವರ ಮುಖವನ್ನು ನೋಡುತ್ತ ಕುಳಿತಿದ್ದ. ಕೊನೆಗೆ, “ಮುತ್ಯಾ, ನನಗ ಹಂಗ ಸುಮ್ಮ ಇರಾಕ ಆಗೂದಿಲ್ಲ” ಎಂದ. ಅವನ ಹಟ ಆರಂಭವಾದದ್ದು ಅಲ್ಲಿಂದ.

ತೊದಲಿನ ಬಗ್ಗೆ ತಜ್ಞರು ನನಗೆ ತಿಳಿಸಿಕೊಟ್ಟದ್ದನ್ನು ತಮ್ಮ ಮುಂದೆ ಇಡುತ್ತೇನೆ, ಏಕೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನೂರು ಮಕ್ಕಳಲ್ಲಿ ಸುಮಾರು ಐವರು, ಹೆಚ್ಚಾಗಿ ಎರಡರಿಂದ ಐದು ವರ್ಷದೊಳಗೆ, ಒಂದಿಷ್ಟು ಕಾಲ ತೊದಲುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ಹೋಗುತ್ತದೆ, ಸುಮಾರು ನೂರಕ್ಕೊಬ್ಬರಲ್ಲಿ ಉಳಿಯುತ್ತದೆ. ಉಳಿಯುವುದು ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು, ಮನೆತನದಲ್ಲಿ ಮೊದಲೇ ಇದ್ದರೆ ಇನ್ನೂ ಹೆಚ್ಚು. ಇದು ಬುದ್ಧಿಯ ಕೊರತೆಯಲ್ಲ, ಹೆದರಿಕೆಯಿಂದ ಹುಟ್ಟಿದ್ದಲ್ಲ, ಹೆತ್ತವರ ತಪ್ಪೂ ಅಲ್ಲ. ಮಾತಿನ ಓಟವನ್ನು ಮಿದುಳು ಹೊಂದಿಸುವ ರೀತಿಯಲ್ಲಿರುವ ವ್ಯತ್ಯಾಸ ಇದರ ಮೂಲ. ಹೆದರಿಕೆ ಬರುವುದು ಆಮೇಲೆ, ಜನ ನಕ್ಕ ಮೇಲೆ. ಹಾಡುವಾಗ, ಹತ್ತು ಜನರೊಂದಿಗೆ ಒಟ್ಟಿಗೆ ಹೇಳುವಾಗ ಹೆಚ್ಚಿನವರಿಗೆ ತೊದಲು ಬರುವುದಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಮಗನ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಅದನ್ನೇ ಹಿಡಿದುಕೊಂಡು ಕೆಲವರು, “ಪ್ರಾರ್ಥನಾ ಹೇಳೂ ಮುಂದ ಸರಿ ಇರ್ತಾನ, ಪಾಠ ಒಪ್ಪಸೂ ಮುಂದ ನಾಟಕ ಮಾಡ್ತಾನ” ಎಂದರು.

ಮೂರನೆಯ ತರಗತಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ, ಯಾರನ್ನೂ ಕಟಕಟೆಗೆ ತರುವುದು ನನ್ನ ಉದ್ದೇಶವಲ್ಲ. ಹಾಜರಿ ಕೂಗುವಾಗ ಅವನು ‘ಹಾಜರ್ ಸರ್’ ಎನ್ನಬೇಕಿತ್ತು. ಮಾತು ಬರದಾಗ ಕೈ ಎತ್ತುತ್ತಿದ್ದ. ಪುಸ್ತಕದಿಂದ ತಲೆ ಎತ್ತದ ಶಿಕ್ಷಕರು ಮುಂದಿನ ಹೆಸರಿಗೆ ಹೋಗಿಬಿಡುತ್ತಿದ್ದರು. ಆ ತಿಂಗಳ ಕೊನೆಗೆ ನನ್ನನ್ನು ಕರೆಸಿ, ಮಗ ಒಂಬತ್ತು ದಿನ ಗೈರುಹಾಜರು ಎಂದು ಹೇಳಿದರು. ಒಂದು ದಿನವೂ ತಪ್ಪಿಸದೆ ನಾನೇ ಅವನನ್ನು ಗೇಟಿನವರೆಗೆ ಬಿಟ್ಟು ಬಂದಿದ್ದೆ. ಶಾಲೆಯಲ್ಲಿ ಕುಳಿತಿದ್ದ ಮಗು ಪುಸ್ತಕದಲ್ಲಿ ಇರಲಿಲ್ಲ. ತರಗತಿಯಲ್ಲಿ ಅವನಿಗೆ ಆಗಲೇ ‘ಉಗ್ಗ’ ಎಂಬ ಹೆಸರು ಬಿದ್ದಿತ್ತು, ಓಣಿಯಲ್ಲಿ ‘ಹಕ್ಲಾ’ ಎನ್ನುತ್ತಿದ್ದರು. ಸ್ವಂತ ಹೆಸರನ್ನು ಹೇಳಲಾಗದವನಿಗೆ ಊರು ಎರಡು ಹೆಸರು ಕೊಟ್ಟಿತ್ತು.

ಅದೇ ವರ್ಷ ಒಂದು ಸಂಜೆ ಬೆಲ್ಲ ತರಲು ಅಂಗಡಿಗೆ ಕಳಿಸಿದೆ. ಸಕ್ಕರೆ ತಂದ. ಬೈದು ಮತ್ತೆ ಕಳಿಸಿದೆ, ಮತ್ತೆ ಸಕ್ಕರೆಯನ್ನೇ ತಂದು ಕಟ್ಟೆಯ ಮೇಲಿಟ್ಟು ಸುಮ್ಮನೆ ನಿಂತ. ಪೊಟ್ಟಣ ಹಿಡಿದ ಕೈ ಬೆವೆತು ಕಾಗದ ಒದ್ದೆಯಾಗಿತ್ತು. ‘ಬೆಲ್ಲ’ ಎನ್ನಲು ಬಾರದೆ, ‘ಸಕ್ಕರೆ’ ಎನ್ನಲು ಬರುತ್ತದೆಂದು, ಬೈಗುಳವನ್ನು ಒಪ್ಪಿಕೊಂಡು ಎರಡು ಸಲ ಸಕ್ಕರೆ ತಂದಿದ್ದ. ಆಗ ಹುಡುಕುತ್ತ ಹೋದರೆ ಇಂಥವು ಎಷ್ಟೋ ಸಿಕ್ಕವು. ಸೋದರಮಾವನ ಮನೆ ಭೀಮರಾಯನಗುಡಿಯಲ್ಲಿದೆ. ಬಸ್ಸಿನಲ್ಲಿ ‘ಭೀ’ ಎನ್ನಲಾಗದೆ ಮುಂದಿನ ಶಹಾಪುರಕ್ಕೆ ಹೆಚ್ಚಿನ ದುಡ್ಡು ಕೊಟ್ಟು ಟಿಕೆಟ್ ಪಡೆದು, ನಡುವೆಯೇ ಭೀಮರಾಯನಗುಡಿಯಲ್ಲಿ ಇಳಿದುಕೊಳ್ಳುತ್ತಿದ್ದ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ತಪ್ಪು ಉತ್ತರ ಹೇಳುತ್ತಿದ್ದ, ಏಕೆಂದರೆ ತಪ್ಪು ಉತ್ತರದ ಮೊದಲ ಅಕ್ಷರ ಸುಲಭವಾಗಿರುತ್ತಿತ್ತು. ಮಾತಿಗೆ ಮುಂಚೆ ಪ್ರತಿ ಶಬ್ದವನ್ನೂ ತೂಗಿ, ಬದಲಿ ಹುಡುಕಿ, ದಾರಿ ಬಳಸಿ ಹೋಗುವ ಆ ಶ್ರಮವನ್ನು ಎಂಟು ವರ್ಷದ ಮಗು ದಿನವಿಡೀ ಮಾಡುತ್ತಿತ್ತು. ನಾವು ಅದನ್ನು ‘ಗಮನವಿಲ್ಲ’ ಎಂದು ಪ್ರಗತಿಪತ್ರದಲ್ಲಿ ಬರೆದೆವು.

ನನ್ನ ತಪ್ಪನ್ನೂ ಹೇಳಬೇಕು. “ಮೆಲ್ಲಗ ಹೇಳು, ಸರಿಯಾಗಿ ಹೇಳು, ಉಸಿರು ತಗೊಂಡು ಹೇಳು” ಎಂದು ದಿನಕ್ಕೆ ಇಪ್ಪತ್ತು ಸಲ ನಾನೇ ಹೇಳುತ್ತಿದ್ದೆ. ಅವನು ಕಷ್ಟಪಟ್ಟು “ಮನಿಗಿ ಹೋಗ್ತಿನಿ” ಎಂದರೆ, ಕನ್ನಡ ಶಿಕ್ಷಕಿಯಾದ ನಾನು “ಮನಿಗಿ ಅಲ್ಲ, ಮನೆಗೆ” ಎಂದು ತಿದ್ದುತ್ತಿದ್ದೆ. ನಮ್ಮ ಭಾಗದ ಮಗು ಶಾಲೆಗೆ ಬಂದ ದಿನದಿಂದ ತನ್ನ ಮನೆಮಾತಿಗಾಗಿ ತಿದ್ದಿಸಿಕೊಳ್ಳುತ್ತದೆ. ತೊದಲುವ ಮಗು ಎರಡು ಪಟ್ಟು ತಿದ್ದಿಸಿಕೊಳ್ಳುತ್ತದೆ, ಬಾಯಿ ತೆರೆದರೆ ಏನಾದರೊಂದು ತಪ್ಪಾಗುತ್ತದೆ ಎಂಬುದೊಂದೇ ಅದು ಕಲಿಯುವ ಪಾಠ.

ನಾಲ್ಕನೆಯ ತರಗತಿಯಲ್ಲಿ, ಗೊತ್ತಿದ್ದವರೊಬ್ಬರು ಹೇಳಿದ ಮೇಲೆ, ಕಲಬುರಗಿಯಲ್ಲಿ ಒಬ್ಬ ವಾಕ್ ತಜ್ಞರು ಸಿಕ್ಕರು. ನಮ್ಮಲ್ಲಿಂದ ಜೇವರ್ಗಿ ಮೇಲೆ ಹೋಗಿಬರಲು ಒಂದು ದಿನ ಬೇಕು. ಹದಿನೈದು ದಿನಕ್ಕೊಮ್ಮೆ ಶನಿವಾರ ಅರ್ಧ ದಿನದ ರಜೆ ಹಾಕಿ, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು. ತಜ್ಞರೊಂದಿಗೆ ಮುಕ್ಕಾಲು ಗಂಟೆ, ಬಸ್ಸಿನಲ್ಲಿ ಐದು ಗಂಟೆ. ಮರುವರ್ಷ ಅವರೇ ಬರೆದುಕೊಟ್ಟ ಚೀಟಿ ಹಿಡಿದು ಯಾದಗಿರಿಯಲ್ಲಿ ಬಸವ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. 1965ರಲ್ಲಿ ಆರಂಭವಾದ, ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿರುವ ಆ ಸಂಸ್ಥೆ ನಮ್ಮದೇ ರಾಜ್ಯದಲ್ಲಿದೆ ಎಂಬುದು ಕನ್ನಡಿಗರ ಭಾಗ್ಯ. ಆದರೆ ಆರು ನೂರು ಕಿಲೋಮೀಟರಿಗೂ ಆಚೆ ಇರುವ ಭಾಗ್ಯ ಅದು. ಅಲ್ಲಿ ಮೊದಲ ಸಲ ನನ್ನ ಮಗನಿಗೆ ಒಬ್ಬರು ಹೆಸರು ಕೇಳಿ, ಉತ್ತರ ಬರುವವರೆಗೆ ಅವನ ಕಣ್ಣನ್ನೇ ನೋಡುತ್ತ, ತಾವು ಹೇಳಿ ಮುಗಿಸದೆ, ಗಡಿಯಾರ ನೋಡದೆ, ಕಾದು ಕುಳಿತದ್ದನ್ನು ನಾನು ಕಂಡೆ.

ತರಬೇತಿ ಎಂದರೆ ಏನೋ ಯಂತ್ರವಿರಬಹುದು ಎಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ತುಟಿಗಳನ್ನು ಬಿಗಿಯದೆ ಒಂದಕ್ಕೊಂದು ಹಗುರವಾಗಿ ತಾಗಿಸುವುದು, ಮೊದಲು ಉಸಿರನ್ನು ಹೊರಗೆ ಬಿಡುತ್ತ ಅದರ ಮೇಲೆ ದನಿಯನ್ನು ಏರಿಸುವುದು, ಮೊದಲ ಅಕ್ಷರವನ್ನು ಸ್ವಲ್ಪ ಎಳೆಯುವುದು, ಪದಗಳ ನಡುವೆ ನಿಲ್ಲುವುದಕ್ಕೆ ನಾಚದಿರುವುದು. ಎಲ್ಲಕ್ಕಿಂತ ಕಠಿಣವಾದದ್ದು, ಬೇಕೆಂದೇ ಜನರ ಮುಂದೆ ತೊದಲುವುದು. ತೊದಲನ್ನು ಮುಚ್ಚಿಡುವ ಶ್ರಮವೇ ಅದನ್ನು ಗಂಟು ಹಾಕುತ್ತದೆ, ಆದ್ದರಿಂದ ಮುಚ್ಚಿಡುವುದನ್ನು ಮೊದಲು ಬಿಡಬೇಕು ಎಂದರು. ನಾನು ಹಿಂಜರಿಯುತ್ತ ನಮ್ಮ ಕಡೆಯ ಭಾಷೆಯ ಬಗ್ಗೆ ಕೇಳಿದಾಗ, ಮನೆಯಲ್ಲಿ ಆಡುವ ಮಾತಿನಲ್ಲೇ ಅಭ್ಯಾಸ ಮಾಡಿಸಿ ಎಂದರು. ಅಂದಿನಿಂದ ಅವನು ‘ಮನಿಗಿ ಹೋಗ್ತಿನಿ’ ಎಂದೇ ಅಭ್ಯಾಸ ಮಾಡಿದ, ನಾನು ತಿದ್ದುವುದನ್ನು ಬಿಟ್ಟೆ. ಮುಂದಿನ ಪಾಠಗಳು ಮೊಬೈಲಿನ ವಿಡಿಯೋ ಮೂಲಕ ನಡೆದವು. ಊರಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ. ಬೇಸಿಗೆಯ ಮಧ್ಯಾಹ್ನ ಛತ್ರಿ ಹಿಡಿದು ಕೂಡುತ್ತಿದ್ದ, ಮುತ್ಯಾ ಪಕ್ಕದಲ್ಲಿ ಕೂಡುತ್ತಿದ್ದರು.

ಆರನೆಯ ತರಗತಿಯಲ್ಲಿ, ದಿನಕ್ಕೆ ಐದು ಜನ ಅಪರಿಚಿತರೊಡನೆ ಮಾತಾಡಿ ಪಟ್ಟಿಯಲ್ಲಿ ಬರೆದುಕೊಳ್ಳಬೇಕು ಎಂಬ ಕೆಲಸ ಬಂತು. ಅವನು ಬಸ್ ನಿಲ್ದಾಣವನ್ನು ಆರಿಸಿಕೊಂಡ. ಶಾಲೆ ಬಿಟ್ಟ ಮೇಲೆ ವಿಚಾರಣೆಯ ಕಿಟಕಿಗೆ ಹೋಗಿ, “ಬೆಂಗಳೂರು ಬಸ್ ಎಷ್ಟು ಗಂಟಿಗಿ ಅದ ರೀ?” ಎಂದು ಕೇಳುವುದು. ಬೇಕೆಂದೇ ‘ಬ’ ಇರುವ ಊರು. ಮೊದಲ ದಿನ ಹಿಂದೆ ನಿಂತವರು ತಳ್ಳಿದರು, ಹೇಳಿ ಮುಗಿಸದೆ ಬಂದ. ಎರಡನೆಯ ದಿನವೂ. ಎಷ್ಟೋ ದಿನಗಳಾದ ಮೇಲೆ ಕಿಟಕಿಯ ಒಳಗಿದ್ದವರು, “ತಮ್ಮಾ, ದಿನಾ ಕೇಳ್ತಿ, ಒಂದು ದಿನಾನೂ ಹೋಗೂದಿಲ್ಲಲ್ಲ” ಎಂದರಂತೆ. ಇವನು ತನಗೇಕೆ ಕೇಳಬೇಕಾಗಿದೆ ಎಂಬುದನ್ನು, ಎರಡು ನಿಮಿಷ ಹಿಡಿದು, ಅವರಿಗೆ ಹೇಳಿದ. ಮರುದಿನದಿಂದ ಅವರು ಹಿಂದೆ ನಿಂತವರಿಗೆ, “ಸ್ವಲ್ಪ ತಡೀರಿ, ಅಂವ ಕೇಳಿ ಮುಗಸ್ಲಿ” ಎನ್ನತೊಡಗಿದರು. ಆ ಇನ್ನೂರು ಪುಟದ ನೋಟ್‌ಬುಕ್ ನನ್ನ ಬಳಿ ಇದೆ. ಪ್ರತಿ ಪುಟದಲ್ಲಿ ದಿನಾಂಕ, ಯಾರನ್ನು ಏನು ಕೇಳಿದೆ, ಎಲ್ಲಿ ಸಿಕ್ಕಿಕೊಂಡೆ, ಕಣ್ಣು ತಪ್ಪಿಸಿದೆನೇ ಇಲ್ಲವೇ ಎಂಬ ನಾಲ್ಕು ಕಾಲಮುಗಳು. ಮೊದಲ ಪುಟಗಳಲ್ಲಿ ಕೊನೆಯ ಕಾಲಮು ತುಂಬ ‘ತಪ್ಪಿಸಿದೆ’ ಎಂದಿದೆ. ಮಳೆಗಾಲದ ಹೊತ್ತಿಗೆ ‘ಇಲ್ಲ’ ಎಂದು ಬರತೊಡಗುತ್ತದೆ. ತೊದಲು ಹೋಗಿಲ್ಲ. ಬಹುಶಃ ಪೂರ್ತಿ ಹೋಗುವುದೂ ಇಲ್ಲ ಎಂದು ಅವನಿಗೆ ತಜ್ಞರೇ ಹೇಳಿದ್ದಾರೆ. ಅವನು ಮಾತನಾಡುವುದನ್ನು ಬಿಟ್ಟಿಲ್ಲ, ಅಷ್ಟೇ.

ಇಷ್ಟು ಮಾಡಿದ ಹುಡುಗನಿಗೆ ವ್ಯವಸ್ಥೆ ಏನು ಮಾಡಿತು? ಏಳನೆಯ ತರಗತಿಯಲ್ಲಿ ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆಗೆ ತಾನೇ ಹೆಸರು ಕೊಟ್ಟ. ಕ್ಲಸ್ಟರ್ ಮಟ್ಟದಲ್ಲಿ ಐದು ನಿಮಿಷ ಎಂದಿದ್ದರು. ಕಥೆ ಚೆನ್ನಾಗಿತ್ತು, ಹಾವಭಾವ ಚೆನ್ನಾಗಿತ್ತು, ಮೂರು ಕಡೆ ಸಿಕ್ಕಿಕೊಂಡ. ಐದು ನಿಮಿಷಕ್ಕೆ ಗಂಟೆ ಬಾರಿಸಿದರು. ಇನ್ನೂ ಎರಡು ವಾಕ್ಯ ಉಳಿದಿದ್ದವು, ಅವನು ಅವನ್ನು ಹೇಳಿಯೇ ಇಳಿದ. ಸಮಯ ಮೀರಿದ್ದಕ್ಕೆ ಅಂಕ ಕಳೆದರು. ತೀರ್ಪುಗಾರರು ಕೆಟ್ಟವರಲ್ಲ, “ನಮಗೂ ಬ್ಯಾಸರ ಆಯ್ತು ಮೇಡಂ, ಆದ್ರ ನಿಯಮ ಹಂಗದ” ಎಂದರು. ನಾನು ನಿಯಮ ಬದಲಿಸಲು ಯಾರನ್ನು ಕೇಳಬೇಕು ಎಂದು ಹೊರಟೆ. ಒಂದು ಕಚೇರಿಯಲ್ಲಿ, ಅಂಗವೈಕಲ್ಯದ ಪ್ರಮಾಣಪತ್ರ ತಂದರೆ ರಿಯಾಯಿತಿ ಕೊಡಬಹುದು ಎಂದರು. ಒಂದು ಆಸ್ಪತ್ರೆಯಲ್ಲಿ, ಇದಕ್ಕೆ ಪ್ರಮಾಣಪತ್ರ ಬರುವುದಿಲ್ಲ ಎಂದರು. ಎರಡು ಮೇಜುಗಳ ನಡುವೆ ಮೂರು ತಿಂಗಳು ಓಡಾಡಿದೆ.

ಕಾನೂನನ್ನೂ ಓದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ವಾಕ್ ಮತ್ತು ಭಾಷಾ ವೈಕಲ್ಯವೂ ಅವುಗಳಲ್ಲಿ ಒಂದು. ಆದರೆ ಅದರ ವ್ಯಾಖ್ಯೆಯು ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದ ಅಥವಾ ಮಿದುಳಿನ ಪೆಟ್ಟಿನಿಂದ ಮಾತು ಕಳೆದುಕೊಂಡಂಥ ಶಾಶ್ವತ ಸ್ಥಿತಿಗಳನ್ನು ಉದಾಹರಿಸುತ್ತದೆ. ತೊದಲುವ ಮಗು ಅದರೊಳಗೆ ಸುಲಭವಾಗಿ ಹಿಡಿಯುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಆಯ್ದ ಆರೋಗ್ಯ ಸ್ಥಿತಿಗಳಿಗಾಗಿ ತಪಾಸಣೆ ಮಾಡುತ್ತಾರೆ. ಅದರಲ್ಲಿ ಭಾಷೆಯ ಬೆಳವಣಿಗೆಯ ವಿಳಂಬವಿದೆ, ತೊದಲಿಗೆಂದು ಪ್ರತ್ಯೇಕ ಸಾಲಿಲ್ಲ. ನನ್ನ ಮಗನಿಗೆ ಮಾತು ತಡವಾಗಿರಲಿಲ್ಲ, ಆದ್ದರಿಂದ ತೂಕ, ಎತ್ತರ, ಹಲ್ಲು, ಕಣ್ಣು ನೋಡಿ ಪ್ರತಿ ವರ್ಷ ‘ಸರಿ’ ಎಂದು ಬರೆದರು. ಅವನಿಗೆ ಪ್ರಮಾಣಪತ್ರ ಬೇಕೆಂದು ನಾನು ಕೇಳುತ್ತಿಲ್ಲ. ಮಾತು ಮುಗಿಸಲು ಎರಡು ನಿಮಿಷ ಹೆಚ್ಚು ಕೊಡಲು ಪ್ರಮಾಣಪತ್ರ ಏಕೆ ಬೇಕು ಎಂದು ಕೇಳುತ್ತಿದ್ದೇನೆ.

ಮಾನ್ಯ ಸಚಿವರೇ, ಇದಕ್ಕೆ ಹೊಸ ಕಾನೂನು ಬೇಡ, ತಮ್ಮ ಇಲಾಖೆಯ ಒಂದು ಸುತ್ತೋಲೆ ಸಾಕು. ತೊದಲುವ ಮಗುವಿಗೆ ಮೌಖಿಕ ಪರೀಕ್ಷೆಯಲ್ಲೂ ಪ್ರತಿಭಾ ಕಾರಂಜಿಯಲ್ಲೂ ಸಮಯದ ಮಿತಿಯನ್ನು ಸಡಿಲಿಸಬೇಕು, ಅದಕ್ಕೆ ಪೋಷಕರ ಅಥವಾ ವಾಕ್ ತಜ್ಞರ ಪತ್ರವೇ ಸಾಕಾಗಬೇಕು. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಮಾತಿನ ಚಟುವಟಿಕೆಗೆ ಅಂಕ ಕೊಡುವಾಗ ನಿರರ್ಗಳತೆಗೆ ಅಂಕ ಕಳೆಯದೆ ವಿಷಯಕ್ಕೆ ಅಂಕ ಕೊಡಬೇಕು. ಮಗು ಇಚ್ಛಿಸಿದರೆ ಇಡೀ ತರಗತಿಯ ಮುಂದಲ್ಲದೆ ಶಿಕ್ಷಕರೊಬ್ಬರ ಮುಂದೆ ಹೇಳಲು ಅವಕಾಶವಿರಬೇಕು, ಆದರೆ ‘ನಿನಗೆ ಬೇಡ ಬಿಡು’ ಎಂದು ಅವನನ್ನು ಮಾತಿನಿಂದಲೇ ಹೊರಗಿಡಬಾರದು. ಹಾಗೆ ಬಿಟ್ಟುಬಿಡುವುದನ್ನು ಕರುಣೆ ಎಂದುಕೊಂಡ ಒಳ್ಳೆಯ ಶಿಕ್ಷಕರನ್ನು ನಾನು ಬಹಳ ಕಂಡಿದ್ದೇನೆ. ಹಾಜರಿಗೆ ಎತ್ತಿದ ಕೈಯೂ ಉತ್ತರವೇ ಎಂದು ಸುತ್ತೋಲೆಯಲ್ಲಿ ಬರೆಯಿರಿ. ಇಷ್ಟು ಸಣ್ಣದನ್ನು ಬರೆಯಬೇಕೇ ಎಂದು ತಮಗೆ ಅನ್ನಿಸಬಹುದು. ಒಂಬತ್ತು ದಿನದ ಗೈರುಹಾಜರಿ ನನ್ನ ಕಣ್ಣ ಮುಂದಿದೆ, ಬರೆಯಿರಿ. ಅಂಗನವಾಡಿ ಕಾರ್ಯಕರ್ತೆಯರಿಗೂ ನಲಿ-ಕಲಿ ತರಗತಿಗಳ ಶಿಕ್ಷಕರಿಗೂ ನಡೆಯುವ ತರಬೇತಿಗಳಲ್ಲಿ ಅರ್ಧ ದಿನವನ್ನು ಇದಕ್ಕೆ ಮೀಸಲಿಡಲು ಸಂಬಂಧಪಟ್ಟ ಇಲಾಖೆಗಳೊಂದಿಗೆ ಮಾತನಾಡಿ. ಆರು ತಿಂಗಳಾದರೂ ತೊದಲು ಹೋಗದಿದ್ದರೆ, ಮಾತಾಡುವಾಗ ಮುಖ ಕುತ್ತಿಗೆ ಬಿಗಿದರೆ, ಮನೆಯಲ್ಲಿ ಹಿರಿಯರಿಗೆ ಇದ್ದಿದ್ದರೆ, ‘ದೊಡ್ಡವನಾದ ಮೇಲೆ ಹೋಗುತ್ತದೆ’ ಎನ್ನದೆ ತಜ್ಞರ ಬಳಿ ಕಳಿಸಬೇಕು ಎಂಬುದು ಅವರಿಗೆ ತಿಳಿದರೆ, ನಮಗೆ ಕಳೆದುಹೋದ ಐದು ವರ್ಷ ಇನ್ನೊಂದು ಮಗುವಿಗೆ ಉಳಿಯುತ್ತದೆ.

ಮಾನ್ಯ ಅಧ್ಯಕ್ಷರೇ, ಕಳಿಸಬೇಕು ಎಂದರೆ ಎಲ್ಲಿಗೆ ಎಂಬುದು ತಮ್ಮ ಮುಂದಿನ ಪ್ರಶ್ನೆ. ಸಂವಿಧಾನದ 371(ಜೆ) ವಿಧಿ ನಮಗೆ ಬಂದದ್ದೇ ಹಿಂದುಳಿದ ಭಾಗಕ್ಕೆ ಪ್ರತ್ಯೇಕ ಗಮನ ಬೇಕೆಂದು. ಮಂಡಳಿಯ ನೆರವಿನಿಂದ ಶಾಲಾ ಕೊಠಡಿಗಳು ಏಳುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ವಂದನೆಗಳು. ಆದರೆ ಮಾತಿನ ತರಬೇತಿಗೆ ಕಟ್ಟಡ ಬೇಡ. ಒಂದು ಸದ್ದಿಲ್ಲದ ಕೋಣೆ, ಎರಡು ಕುರ್ಚಿ, ಒಂದು ಕನ್ನಡಿ, ವಾರಕ್ಕೊಂದು ಗೊತ್ತಾದ ದಿನ ತಪ್ಪದೆ ಬರುವ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಒಬ್ಬ ವಾಕ್ ತಜ್ಞರು ಬೇಕು. ಕಲ್ಯಾಣ ಕರ್ನಾಟಕದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದನ್ನು ಮಾಡಲು ಮಂಡಳಿ ಹಣ ಒದಗಿಸಬೇಕು ಎಂಬುದು ನನ್ನ ಮುಖ್ಯ ಬೇಡಿಕೆ. ಅಷ್ಟು ಜನ ತಜ್ಞರು ಕೂಡಲೇ ಸಿಗಲಾರರು ಎಂಬುದನ್ನು ಬಲ್ಲೆ. ಅಲ್ಲಿಯವರೆಗೆ ಮೈಸೂರಿನ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು, ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಒಳ್ಳೆಯ ಅಂತರ್ಜಾಲ ಸಂಪರ್ಕವಿರುವ ಒಂದು ಕೋಣೆಯಿಂದ ವಿಡಿಯೋ ತರಬೇತಿ ನಡೆಸಬಹುದು. ನನ್ನ ಮಗ ಮಾಳಿಗೆಯ ಮೂಲೆಯಲ್ಲಿ ಛತ್ರಿ ಹಿಡಿದು ಕಲಿತದ್ದನ್ನು ಇನ್ನೊಬ್ಬರು ನೆರಳಿನಲ್ಲಿ ಕುಳಿತು ಕಲಿಯಬಹುದು. ನಮ್ಮ ಭಾಗದ ಯುವಕ ಯುವತಿಯರಿಗೆ ಈ ವಿಷಯದಲ್ಲಿ ಪದವಿ ಓದಲು ವಿದ್ಯಾರ್ಥಿವೇತನ ಕೊಟ್ಟು, ಓದಿದ ಮೇಲೆ ಇಲ್ಲೇ ಕೆಲಸ ಮಾಡುವಂತೆ ಮಾಡಿದರೆ, ‘ಮನಿಗಿ’ ಎನ್ನುವ ಮಗುವಿಗೆ ‘ಮನಿಗಿ’ ಎಂದೇ ಹೇಳಿಕೊಡುವ ತಜ್ಞರು ಸಿಗುತ್ತಾರೆ.

ನಮಗೆ ಇದೆಲ್ಲ ಸಾಧ್ಯವಾದದ್ದು ನನಗೆ ತಿಂಗಳ ಸಂಬಳವಿದ್ದುದರಿಂದ, ರಜೆ ಹಾಕಿದರೂ ಅನ್ನಕ್ಕೆ ಕೊರತೆಯಾಗದಿದ್ದುದರಿಂದ. ನನ್ನದೇ ತರಗತಿಯಲ್ಲಿ ಈ ವರ್ಷ ಒಬ್ಬ ಹುಡುಗಿ ಇದ್ದಾಳೆ. ತಂದೆ ತಾಯಿ ಹತ್ತಿ ಬಿಡಿಸಲು, ತೊಗರಿ ರಾಶಿಗೆ ಕೂಲಿ ಹೋಗುತ್ತಾರೆ. ಪ್ರಶ್ನೆ ಕೇಳಿದರೆ ಎದ್ದು ನಿಂತು, “ಗೊತ್ತಿಲ್ರೀ ಮೇಡಂ” ಎಂದು ಕೂಡುತ್ತಾಳೆ. ಬರವಣಿಗೆಯಲ್ಲಿ ಅದೇ ಪ್ರಶ್ನೆಗಳಿಗೆಲ್ಲ ಉತ್ತರ ಸರಿಯಾಗಿರುತ್ತದೆ. ಬೇರೆಯವರಿಗೆ ಅವಳು ನಾಚಿಕೆಯ ಹುಡುಗಿ. ನನಗೆ ಅವಳ ತುಟಿ ಮುಚ್ಚಿಕೊಳ್ಳುವುದು ಕಾಣಿಸುತ್ತದೆ, ‘ಗೊತ್ತಿಲ್ಲ’ ಎಂಬುದೊಂದು ಶಬ್ದ ಅವಳಿಗೆ ತಡೆಯಿಲ್ಲದೆ ಬರುತ್ತದೆ ಎಂಬುದೂ ತಿಳಿಯುತ್ತದೆ. ಅವಳ ತಾಯಿಗೆ ಕಲಬುರಗಿಯ ವಿಷಯ ಹೇಳಿದೆ. “ಒಂದು ದಿನದ ಕೂಲಿ ಬಿಟ್ಟು, ಇಬ್ಬರ ಬಸ್ ಚಾರ್ಜ್ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಹೆಂಗ ಹೋಗ್ಲಿ ಅಕ್ಕೋರ?” ಎಂದರು. ಉತ್ತರ ನನ್ನ ಬಳಿ ಇರಲಿಲ್ಲ.

ಈಗ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳನ್ನೂ ನನ್ನ ಮಗನನ್ನೂ ಒಂದು ಗಂಟೆ ಕೂಡಿಸಿಕೊಳ್ಳುತ್ತೇನೆ. ನಾನು ತಜ್ಞಳಲ್ಲ, ತರಬೇತಿ ಕೊಡುವ ಅಧಿಕಾರವೂ ನನಗಿಲ್ಲ, ಅವಳು ಮಾತು ಮುಗಿಸುವವರೆಗೆ ಇಬ್ಬರೂ ಕಾಯುತ್ತೇವೆ, ಅಷ್ಟೇ. ಕಳೆದ ಶನಿವಾರ ಅವಳು ತನ್ನ ಊರಿನ ಹೆಸರನ್ನು ಹೇಳಿದಳು. ತಾಲ್ಲೂಕು ಆಸ್ಪತ್ರೆಯಲ್ಲಿ ತಾವು ಒಂದು ಕೋಣೆ ಮತ್ತು ಒಂದು ದಿನವನ್ನು ಗೊತ್ತು ಮಾಡಿಸಿದರೆ, ಅವಳನ್ನು ಮೊದಲ ದಿನವೇ ನಾನು ಕರೆದುಕೊಂಡು ಬರುತ್ತೇನೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದಿದೆ, ಬೇಸಿಗೆ ರಜೆಗೆ ಮುನ್ನ ಇನ್ನೂ ಎರಡು ಮೌಲ್ಯಮಾಪನಗಳಿವೆ. ಸುತ್ತೋಲೆ ಅಷ್ಟರೊಳಗೆ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ, ಕನ್ನಡ ಶಿಕ್ಷಕಿ
ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ